ಲೋ ವೋಲ್ಟೇಜ್ ಊರಿನ ಸ್ಮಾರ್ಟ್ ಕ್ಲಾಸ್: ಒಂದು ಪಾಠದ ಪ್ರಕರಣ ಅಧ್ಯಯನ

ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 2023-24ನೇ ಸಾಲಿನಲ್ಲಿ ಹತ್ತನೇ ತರಗತಿಗೆ ‘ವಿದ್ಯುಚ್ಛಕ್ತಿ’ ಪಾಠವನ್ನು ನಾನು ಹೇಗೆ ಕಲಿಸಿದೆ, ಆ ವರ್ಷವೇ ಬಂದಿದ್ದ ಪ್ರೊಜೆಕ್ಟರ್ ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಕೊಟ್ಟಿತು ಎಂಬುದರ ದಾಖಲೆ ಇದು. ಒಂದು ಪಾಠ, ಹದಿನಾಲ್ಕು ಅವಧಿ, ಒಂದೇ ಕೋಣೆ, ಐವತ್ತೆಂಟು ಮಕ್ಕಳು. ಇದರ ವ್ಯಾಪ್ತಿ ಇಷ್ಟೇ. ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ತರಬೇತಿಗಳಲ್ಲಿ ಹಲವು ಸಲ ಕೇಳಿಸಿಕೊಂಡಿದ್ದೇನೆ, ಒಮ್ಮೆಯೂ ಅದರಿಂದ ನನ್ನ ಮರುದಿನದ ಪಾಠಕ್ಕೆ ಏನೂ ಸಿಕ್ಕಿಲ್ಲ. ಆದ್ದರಿಂದ ಇಲ್ಲಿ ಆ ದೊಡ್ಡ ಪ್ರಶ್ನೆಯನ್ನು ಬದಿಗಿಟ್ಟು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಊರು ಮತ್ತು ಕೋಣೆ

ತುಂಗಭದ್ರಾ ಎಡದಂಡೆ ನಾಲೆಯ ನೀರು ಕೆಲವು ಹೊಲಗಳನ್ನು ಮುಟ್ಟಿ, ಕೆಲವನ್ನು ಮುಟ್ಟದೆ ನಿಂತುಬಿಡುವ ಊರು ನಮ್ಮದು. ನಾಲೆಯ ಕೆಳಗೆ ಭತ್ತ, ಮೇಲಿನ ಎರೆ ಭೂಮಿಯಲ್ಲಿ ಹತ್ತಿ, ತೊಗರಿ, ಕಡಲೆ. ಮಕ್ಕಳು ಊರಿನಿಂದ ಮಾತ್ರವಲ್ಲದೆ ಸುತ್ತಲಿನ ತಾಂಡಾ, ದೊಡ್ಡಿ ಮತ್ತು ಕ್ಯಾಂಪುಗಳಿಂದಲೂ ಬರುತ್ತಾರೆ. ಹೀಗಾಗಿ ಒಂದೇ ಬೆಂಚಿನಲ್ಲಿ ಮನೆಯ ಮಾತು ಕನ್ನಡ, ಲಂಬಾಣಿ, ಉರ್ದು ಮತ್ತು ತೆಲುಗು ಎಂದು ನಾಲ್ಕು ಬಗೆಯಾಗಿರುವುದು ಅಪರೂಪವಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ಗುಳೆ ಹೋಗುವವರು ದೀಪಾವಳಿಯವರೆಗೂ ಕಾಯಲಿಲ್ಲ.

ಪ್ರೊಜೆಕ್ಟರ್, ಪರದೆ, ಧ್ವನಿಪೆಟ್ಟಿಗೆ ಮತ್ತು ಒಂದು ಯುಪಿಎಸ್ ಜೂನ್ ತಿಂಗಳಲ್ಲಿ ಬಂದವು. ಅಳವಡಿಸಲು ಬಂದ ಹುಡುಗರು ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಇನ್ನೊಂದು ಊರಿಗೆ ಹೋಗಬೇಕಿತ್ತು. ಮುಂದಿನ ಗೋಡೆಯ ನಟ್ಟನಡುವೆ, ಕರಿಹಲಗೆಯ ನೆತ್ತಿಯ ಮೇಲೆಯೇ, ಪರದೆಯ ಕೊಳವೆಯನ್ನು ಬಿಗಿದು ಹೋದರು. ಪರದೆ ಇಳಿಸಿದರೆ ಹಲಗೆಯ ಮುಕ್ಕಾಲು ಭಾಗ ಮುಚ್ಚಿಹೋಗುತ್ತಿತ್ತು. ಅದು ದೋಷವೆಂದು ಆಗ ನಮಗಾರಿಗೂ ಅನ್ನಿಸಲಿಲ್ಲ. ಸ್ಟೂಲು ಹಿಡಿದುಕೊಂಡು ನಿಂತವನೇ ನಾನು. ಕರಿಹಲಗೆ ಬೇಕಾದಾಗ ಪರದೆಯನ್ನು ಸುತ್ತಿಟ್ಟರಾಯಿತು ಎಂಬುದು ನಮ್ಮ ಲೆಕ್ಕವಾಗಿತ್ತು. ಚಿತ್ರ ತೋರಿಸುತ್ತಿರುವಾಗಲೇ ಹಲಗೆ ಬೇಕಾಗುತ್ತದೆ ಎಂಬುದು ಪಾಠ ಶುರುವಾದ ಮೇಲೆ ತಿಳಿಯಿತು.

ಇನ್ನೊಂದು ಸಂಗತಿಯನ್ನು ಯಾವ ಕೈಪಿಡಿಯೂ ಹೇಳಿರಲಿಲ್ಲ. ನಮ್ಮ ಕೋಣೆಗೆ ಪೂರ್ವಕ್ಕೂ ಪಶ್ಚಿಮಕ್ಕೂ ಕಿಟಕಿಗಳಿವೆ. ಪರದೆಯ ಮೇಲಿನ ಚಿತ್ರ ಕಾಣಬೇಕಾದರೆ ಅವೆಲ್ಲವನ್ನೂ ಮುಚ್ಚಬೇಕು. ಮುಚ್ಚಿದರೆ ಸೆಕೆ, ಅದನ್ನಾದರೂ ಸಹಿಸಬಹುದು; ಆದರೆ ಕತ್ತಲಲ್ಲಿ ಮಕ್ಕಳು ನೋಟ್‌ಬುಕ್ ತೆರೆಯುವುದಿಲ್ಲ, ಮತ್ತು ಮೂರನೇ ಸಾಲಿನಿಂದಾಚೆ ಯಾರ ಮುಖವೂ ನನಗೆ ಕಾಣುವುದಿಲ್ಲ. ಹದಿನೇಳು ವರ್ಷಗಳ ನೌಕರಿಯಲ್ಲಿ ನಾನು ಪಾಠದ ವೇಗವನ್ನು ಮಕ್ಕಳ ಹುಬ್ಬುಗಳನ್ನು ನೋಡಿಯೇ ಹೊಂದಿಸಿಕೊಳ್ಳುತ್ತಿದ್ದೆನೆಂಬುದು, ಅವು ಕಾಣದಾದಾಗಲೇ ನನಗೆ ಗೊತ್ತಾದದ್ದು.

ಮೊದಲ ವಾರ

ದಸರಾ ರಜೆ ಮುಗಿದ ಮೇಲೆ ಅಕ್ಟೋಬರ್ ಕೊನೆಯಲ್ಲಿ ಪಾಠ ಆರಂಭಿಸಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ತಾಣವಾದ ದೀಕ್ಷಾ ಪೋರ್ಟಲಿನ ವಿಡಿಯೋಗಳು ತೆರೆದುಕೊಳ್ಳುತ್ತವೆ. 2017ರಿಂದ ಇರುವ ಈ ವ್ಯವಸ್ಥೆ ಕಾಗದದ ಮೇಲೆ ಸೊಗಸಾಗಿದೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಆದ್ದರಿಂದ ಭಾನುವಾರ ಸಿಂಧನೂರಿಗೆ ಹೋದಾಗ ಬೇಕಾದುದನ್ನೆಲ್ಲ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರುವುದು ನನ್ನ ಪದ್ಧತಿ. ಮೊದಲ ಅವಧಿಗೆ ವಿದ್ಯುತ್ ಪ್ರವಾಹ ಮತ್ತು ವಿಭವಾಂತರವನ್ನು (ವೋಲ್ಟೇಜ್) ಕುರಿತ, ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಒಂದು ವಿಡಿಯೋ ಹಾಕಿದೆ. ಚಿತ್ರಗಳು ಅಚ್ಚುಕಟ್ಟಾಗಿದ್ದವು, ನಿರೂಪಕಿಯ ಉಚ್ಚಾರಣೆ ಸ್ಪಷ್ಟವಾಗಿತ್ತು, ಮಕ್ಕಳು ಗದ್ದಲವಿಲ್ಲದೆ ನೋಡಿದರು. ಆ ಮೌನವನ್ನು ನಾನು ಕಲಿಕೆಯೆಂದೇ ತಿಳಿದೆ.

ಕಿಟಕಿ ತೆಗೆದು ಪ್ರಶ್ನೆ ಕೇಳಲಾರಂಭಿಸಿದಾಗ ನಾಲ್ಕೈದು ಮಕ್ಕಳು ಉತ್ತರಿಸಿದರು. ಉಳಿದವರು ವಿಡಿಯೋದ ಕೊನೆಯ ವಾಕ್ಯವನ್ನೇ ಬೇರೆ ಬೇರೆ ಧ್ವನಿಯಲ್ಲಿ ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳನ್ನು, ಎಲ್ಲಿ ತಿಳಿಯಲಿಲ್ಲ ಹೇಳಮ್ಮಾ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಕಿ ನಿಂದ್ರಂಗೇ ಇಲ್ರಿ ಸರ್” ಎಂದಳು.

ಈ ಮಾತು ಅಧ್ಯಯನದ ಉದ್ದಕ್ಕೂ ನನ್ನ ಬೆನ್ನುಬಿಡಲಿಲ್ಲ. ವಿಭವಾಂತರ ಎಂಬ ಪದವನ್ನು ಮೊದಲ ಸಲ ಕೇಳುವ ಮಗುವಿಗೆ ಆ ಪದ ಕಿವಿಯಲ್ಲಿ ಕೂರಲು ಒಂದಷ್ಟು ಹೊತ್ತು ಬೇಕು. ನಿರೂಪಕಿ ಅಷ್ಟರಲ್ಲಿ ಓಮ್‌ನ ನಿಯಮಕ್ಕೆ ಹೋಗಿಯಾಗಿತ್ತು. ಆಕೆ ಕೊಟ್ಟ ಉದಾಹರಣೆ ಬಹುಮಹಡಿ ಕಟ್ಟಡದ ಲಿಫ್ಟಿನದು. ನಾನಾಗಿದ್ದರೆ ಊರಿನ ಟ್ಯಾಂಕನ್ನೇ ತೋರಿಸುತ್ತಿದ್ದೆ: ಟ್ಯಾಂಕು ಎತ್ತರದಲ್ಲಿರುವುದರಿಂದ ನಳಕ್ಕೆ ನೀರು ಬರುತ್ತದೆ, ಎತ್ತರದ ವ್ಯತ್ಯಾಸವಿಲ್ಲದಿದ್ದರೆ ಎಷ್ಟೇ ನೀರಿದ್ದರೂ ಹರಿಯದು. ಮರುದಿನ ಪರದೆ ಇಳಿಸದೆ ಹಾಗೆಯೇ ಮಾಡಿದೆ. ಮೂರನೆಯ ದಿನ ಅದೇ ವಿಡಿಯೋವನ್ನು ತುಂಡು ತುಂಡಾಗಿ, ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ನಿಲ್ಲಿಸಿದಾಗಲೆಲ್ಲ ಒಂದು ಕಿಟಕಿ ತೆಗೆಸಿ ತೋರಿಸಿದೆ. ವಿಡಿಯೋ ಮುಗಿಯಲು ಪೂರ್ತಿ ಅವಧಿ ಹಿಡಿಯಿತು. ಈ ಸಲ ಎಲೆಕ್ಟ್ರಾನುಗಳು ತಂತಿಯೊಳಗೆ ಸಾಗುವ ಚಿತ್ರ ಮಕ್ಕಳಿಗೆ ನಿಜವಾಗಿ ಉಪಯೋಗಕ್ಕೆ ಬಂತು. ಕರಿಹಲಗೆಯ ಮೇಲೆ ಬಾಣ ಎಳೆದು ನಾನು ಎಂದೂ ತೋರಿಸಲಾಗದ್ದನ್ನು ಅದು ತೋರಿಸಿತು.

ಸಿಪ್ಪೆಯಿಲ್ಲದ ತಂತಿ

ಸರಣಿ (ಒಂದರ ಹಿಂದೆ ಒಂದು) ಮತ್ತು ಸಮಾಂತರ (ಒಂದರ ಪಕ್ಕ ಒಂದು) ಜೋಡಣೆಗಳಿಗೆ ವಿಡಿಯೋ ಬಿಟ್ಟು ಫೆಟ್ ಸಿಮ್ಯುಲೇಶನ್ ಬಳಸಿದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಸಿಮ್ಯುಲೇಶನ್‌ಗಳು ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ತಂದು ಜೋಡಿಸಿದರೆ ಬಲ್ಬು ಉರಿಯುತ್ತದೆ, ತಂತಿಯಲ್ಲಿ ಚುಕ್ಕಿಗಳು ಹರಿಯುತ್ತವೆ, ಬಲ್ಬನ್ನು ಬಿಟ್ಟು ಬ್ಯಾಟರಿಯ ಎರಡೂ ತುದಿಗಳನ್ನು ನೇರವಾಗಿ ಜೋಡಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಬೆಂಕಿ ಕಂಡ ದಿನ ಕೋಣೆಯಲ್ಲಿ ಸಿಳ್ಳೆ ಬಿದ್ದಿತು. ನಮ್ಮ ಪ್ರಯೋಗಾಲಯದ ಪೆಟ್ಟಿಗೆಯಲ್ಲಿ ಸರಿಯಾಗಿದ್ದ ಟಾರ್ಚ್ ಬಲ್ಬುಗಳು ಮೂರೇ. ಪರದೆಯ ಮೇಲೆ ಹತ್ತು ಬಲ್ಬನ್ನು ಬೇಕಾದ ಹಾಗೆ ಜೋಡಿಸಿ, ತಪ್ಪಿದರೆ ಅಳಿಸಿ, ಮತ್ತೆ ಜೋಡಿಸಬಹುದು. ತಪ್ಪಿಗೆ ಇಲ್ಲಿ ಬೆಲೆ ತೆರಬೇಕಾಗಿಲ್ಲ. ಅಂಜುಬುರುಕ ಮಕ್ಕಳಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ನೋಡಿಯೇ ತಿಳಿಯಬೇಕು.

ಇದ್ದ ಲ್ಯಾಪ್‌ಟಾಪ್ ಒಂದೇ, ಮೌಸ್ ಒಂದೇ. ಮೂರು ದಿನ ಕಳೆದ ಮೇಲೆ, ಮೌಸ್ ಅದೇ ಆರು ಹುಡುಗರ ಕೈಯಲ್ಲಿ ತಿರುಗುತ್ತಿದೆ, ಒಬ್ಬ ಹುಡುಗಿಯೂ ಅದನ್ನು ಮುಟ್ಟಿಲ್ಲ ಎಂಬುದು ನನ್ನ ಗಮನಕ್ಕೆ ಬಂತು. ಹಾಜರಿ ಪುಸ್ತಕದ ಕ್ರಮದಲ್ಲಿ ಕರೆಯತೊಡಗಿದ ಮೇಲೆ ಸರಿಹೋಯಿತು.

ಐದನೆಯ ದಿನ ಪೆಟ್ಟಿಗೆಯಲ್ಲಿದ್ದ ನಿಜವಾದ ಟಾರ್ಚ್ ಸೆಲ್ಲು, ಬಲ್ಬು ಮತ್ತು ಕೆಂಪು ವಾಯರನ್ನು ಮೇಜಿನ ಮೇಲಿಟ್ಟು ಜೋಡಿಸಲು ಹೇಳಿದೆ. ಪರದೆಯ ಮೇಲೆ ಅತ್ಯಂತ ಚುರುಕಾಗಿ ಜೋಡಿಸುತ್ತಿದ್ದ ಹುಡುಗನೇ ಮೊದಲು ಬಂದ. ವಾಯರಿನ ಒಂದು ತುದಿಯನ್ನು ಸೆಲ್ಲಿಗೆ, ಇನ್ನೊಂದನ್ನು ಬಲ್ಬಿಗೆ ಒತ್ತಿ ಹಿಡಿದ; ಎರಡನೆಯ ವಾಯರನ್ನೂ ಹಾಗೆಯೇ ಹಿಡಿದ. ನೋಡಲು ಮಂಡಲ ಪೂರ್ತಿಯಾಗಿತ್ತು, ಬಲ್ಬು ಉರಿಯಲಿಲ್ಲ. ಸೆಲ್ಲು ಬದಲಿಸಿದ, ಬಲ್ಬು ಬದಲಿಸಿದ. ಆಮೇಲೆ ನನ್ನ ಮುಖ ನೋಡಿದ. ತಂದೆ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಹುಡುಗಿಯೊಬ್ಬಳು ಎದ್ದು ಬಂದು, “ಮ್ಯಾಲಿನ ಸಿಪ್ಪಿ ಸುಲೀದ ಹೆಂಗ ಹತ್ತತೈತಿ?” ಎಂದು ವಾಯರನ್ನು ಹಲ್ಲಿನಿಂದ ಕಚ್ಚಿ ಪ್ಲಾಸ್ಟಿಕ್ ಎಳೆದು ತೆಗೆದು, ತಾಮ್ರದ ಎಳೆಗಳನ್ನು ಬೆರಳಿನಲ್ಲಿ ಹುರಿ ಮಾಡಿ ಕೊಟ್ಟಳು. ಬಲ್ಬು ಉರಿಯಿತು.

ವಾಹಕ ಮತ್ತು ಅವಾಹಕಗಳ ವ್ಯತ್ಯಾಸವನ್ನು ಆ ಹುಡುಗ ಘಟಕ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದ. ಆದರೆ ಪರದೆಯ ಮೇಲಿನ ತಂತಿಗೆ ಸಿಪ್ಪೆ ಇರುವುದಿಲ್ಲ; ಅದನ್ನು ಸುಲಿಯುವ ಅಗತ್ಯ ಅವನಿಗೆ ಎಂದೂ ಬಿದ್ದಿರಲಿಲ್ಲ. ಇದು ಸಿಮ್ಯುಲೇಶನ್ನಿನ ತಪ್ಪಲ್ಲ. ಮುಖ್ಯವಾದದ್ದು ಎದ್ದು ಕಾಣಲೆಂದು ಮಿಕ್ಕಿದ್ದನ್ನು ಅದು ಬೇಕೆಂದೇ ಬಿಟ್ಟಿರುತ್ತದೆ. ಬಿಟ್ಟದ್ದು ಏನೆಂದು ಮಕ್ಕಳಿಗೆ ಹೇಳಬೇಕಾದವನು ನಾನು. ಹೇಳಿರಲಿಲ್ಲ.

ಮೂರನೇ ಬಲ್ಬಿನ ಪ್ರಶ್ನೆ

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನೆನೆಯುವ ಅವಧಿ ಮುಂದಿನದು. ಸಮಾಂತರ ಜೋಡಣೆಯಲ್ಲಿ ಒಂದು ಬಲ್ಬಿನ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿದರೂ ಮೊದಲನೆಯದರ ಬೆಳಕು ಕಡಿಮೆಯಾಗುವುದಿಲ್ಲ ಎಂದು ಪರದೆ ತೋರಿಸುತ್ತದೆ. ಪುಸ್ತಕವೂ ಅದನ್ನೇ ಹೇಳುತ್ತದೆ: ಸಮಾಂತರ ಜೋಡಣೆಯಲ್ಲಿ ಪ್ರತಿಯೊಂದಕ್ಕೂ ಸಿಗುವ ವಿಭವಾಂತರ ಒಂದೇ, ಮನೆಯ ವಯರಿಂಗ್ ಇರುವುದು ಹೀಗೆಯೇ. ಅಂದು ಮಕ್ಕಳು ಹಳೆಯ ಸೆಲ್ಲುಗಳ ಮೇಲೆ ನಿಜವಾದ ಬಲ್ಬುಗಳನ್ನು ಜೋಡಿಸುತ್ತ ಮೂರನೆಯದನ್ನು ಸೇರಿಸಿದಾಗ ಮೂರೂ ಮಂಕಾದವು. ಒಬ್ಬ ಹುಡುಗ, “ಸಂಜಿಮುಂದ ಎಲ್ಲಾರ ಮೋಟರ್ ಚಾಲೂ ಆದ್ರ ನಮ್ಮನ್ಯಾಗಿನ ಬಲ್ಬ್ ಹಿಂಗ ಸಣ್ಣಗಾಗತೈತ್ರಿ. ಪರದೆದಾಗ ಯಾಕ ಆಗವಲ್ದು?” ಎಂದು ಕೇಳಿದ.

ಲೋ ವೋಲ್ಟೇಜ್ ಏನೆಂಬುದನ್ನು ಈ ಊರಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿರುವ ಜಿಲ್ಲೆಯಲ್ಲೇ ಅವರು ಮಂಕು ಬೆಳಕಿನಲ್ಲಿ ಓದಿ ಬೆಳೆದವರು. ಹುಡುಗನ ಪ್ರಶ್ನೆಗೆ ಉತ್ತರ ಪಠ್ಯದ ಆ ಪುಟದಲ್ಲಿರಲಿಲ್ಲ. ಸೆಲ್ಲಿಗೂ ಒಳಗೆ ಒಂದು ರೋಧವಿದೆ, ಎಂದರೆ ಪ್ರವಾಹಕ್ಕೆ ತಡೆಯಿದೆ, ಊರಿನ ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗಿನ ಉದ್ದದ ತಂತಿಗೂ ರೋಧವಿದೆ. ಹೆಚ್ಚು ಪ್ರವಾಹ ಎಳೆದಷ್ಟೂ ಆ ದಾರಿಯಲ್ಲೇ ಹೆಚ್ಚು ವಿಭವ ಕಳೆದುಹೋಗಿ ತುದಿಯಲ್ಲಿರುವ ಬಲ್ಬಿಗೆ ಕಡಿಮೆ ಉಳಿಯುತ್ತದೆ ಎಂದು ಹೇಳಿದೆ. ಹೇಳಿದ್ದು ಅರ್ಧ ಮಕ್ಕಳಿಗಷ್ಟೇ ತಲುಪಿತು.

ಅಂದು ರಾತ್ರಿ ಮನೆಯಲ್ಲಿ ಸಿಮ್ಯುಲೇಶನ್ ತೆರೆದು ಕೂತು ಹುಡುಕಿದಾಗ, ಮುಂದುವರಿದ ಆಯ್ಕೆಗಳ ಒಳಗೆ ಬ್ಯಾಟರಿಯ ಆಂತರಿಕ ರೋಧವನ್ನೂ ತಂತಿಯ ರೋಧವನ್ನೂ ಹೆಚ್ಚಿಸುವ ಎರಡು ಜಾರುಗುಂಡಿಗಳು (ಸ್ಲೈಡರ್) ಸಿಕ್ಕವು. ಎರಡೂ ಸೊನ್ನೆಯ ಕಡೆಗೆ ಸರಿದು ಕೂತಿದ್ದವು. ಮರುದಿನ ತರಗತಿಯಲ್ಲಿ ಒಂದರ ಪಕ್ಕ ಒಂದರಂತೆ ಬಲ್ಬುಗಳನ್ನು ಜೋಡಿಸಿ, ಆ ಹುಡುಗನನ್ನೇ ಕರೆದು ಗುಂಡಿಯನ್ನು ಬಲಕ್ಕೆ ಎಳೆಯಲು ಹೇಳಿದೆ. ಬಲ್ಬುಗಳೆಲ್ಲ ಮೆಲ್ಲಗೆ ಮಂಕಾದವು. ಒಂದೊಂದೇ ಬಲ್ಬನ್ನು ತೆಗೆಯುತ್ತ ಹೋದಂತೆ ಉಳಿದವು ಮತ್ತೆ ಪ್ರಕಾಶಗೊಂಡವು. “ಮೋಟರ್ ಬಂದ್ ಮಾಡಿದಂಗಾತು” ಎಂದು ಹಿಂದಿನಿಂದ ಯಾರೋ ಅಂದರು. ಮೂರು ಬಲ್ಬು ಮತ್ತು ಒಂದು ಕರಿಹಲಗೆಯಿಂದ ನಾನು ಇದನ್ನು ಇಷ್ಟು ಚೊಕ್ಕವಾಗಿ ತೋರಿಸಲು ಸಾಧ್ಯವೇ ಇರಲಿಲ್ಲ. ಹಾಗೆಯೇ, ಮೊದಲ ದಿನವೇ ಆ ಗುಂಡಿಯನ್ನು ಎಳೆದು ತೋರಿಸಿದ್ದರೆ ಅದು ಪರದೆಯ ಮೇಲಿನ ಇನ್ನೊಂದು ಚಮತ್ಕಾರವಾಗಿ ಕಳೆದುಹೋಗುತ್ತಿತ್ತು. ಪ್ರಶ್ನೆ ಬಂದದ್ದು ಮೇಜಿನ ಮೇಲಿನ ಮೂರು ಬಲ್ಬಿನಿಂದ ಮತ್ತು ಹುಡುಗನ ಮನೆಯಿಂದ. ಯಂತ್ರ ಅದಕ್ಕೆ ಉತ್ತರವಾಗಿ ಒದಗಿತು. ಈ ಕ್ರಮ ತಿರುವುಮುರುವಾದ ದಿನಗಳಲ್ಲೆಲ್ಲ, ನನ್ನ ದಿನಚರಿಯ ಪ್ರಕಾರ, ಪಾಠ ಸಪ್ಪೆಯಾಗಿದೆ.

ಕರೆಂಟು, ಹತ್ತಿ

2023ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ವಿದ್ಯುತ್ ಕೊರತೆ ಇದ್ದುದರಿಂದ ಹದಿನಾಲ್ಕು ಅವಧಿಗಳಲ್ಲಿ ಐದರಲ್ಲಿ ನಡುವೆಯೇ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ತಾಳುತ್ತಿತ್ತು. ವಿದ್ಯುತ್ತಿನ ಪಾಠ ವಿದ್ಯುತ್ತಿಲ್ಲದೆ ನಿಲ್ಲುವುದನ್ನು ಕಂಡು ಮಕ್ಕಳು ನಕ್ಕರು, ನಾನೂ ನಕ್ಕೆ. ನಷ್ಟ ಆ ಅರ್ಧ ಅವಧಿಯದಷ್ಟೇ ಆಗಿರಲಿಲ್ಲ. ಪಾಠವನ್ನು ಎರಡು ಬಗೆಯಲ್ಲಿ, ಪರದೆ ಇದ್ದರೆ ಹೀಗೆ ಇಲ್ಲದಿದ್ದರೆ ಹಾಗೆ ಎಂದು ಸಿದ್ಧಪಡಿಸಿಕೊಂಡು ಹೋಗಬೇಕಾಗಿತ್ತು. ತಂತ್ರಜ್ಞಾನ ಶಿಕ್ಷಕನ ಹೊರೆ ಇಳಿಸುತ್ತದೆ ಎನ್ನುವವರು ಈ ಲೆಕ್ಕವನ್ನು ಹಿಡಿಯುವುದಿಲ್ಲ.

ನವೆಂಬರಿನಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾದಾಗ ಹನ್ನೊಂದು ಮಕ್ಕಳು ತರಗತಿಯಿಂದ ಮಾಯವಾದರು. ಅವರಲ್ಲಿ ಎಂಟು ಮಂದಿ ಹುಡುಗಿಯರು. ನಮ್ಮ ಭಾಗದ ಶಾಲೆಗಳಿಗೆ ಇದು ಹೊಸದಲ್ಲ. ಹಿಂದೆ ಹೀಗೆ ಹೋದವರು ಜನವರಿಯಲ್ಲಿ ಬಂದಾಗ ಗೆಳತಿಯ ನೋಟ್ಸು ನಕಲು ಮಾಡಿಕೊಳ್ಳುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಈ ಸಲ ಪೆನ್‌ಡ್ರೈವ್ ಇತ್ತು. ಶನಿವಾರ ಮಧ್ಯಾಹ್ನ ಅವರನ್ನು ಕೂರಿಸಿ ಅದೇ ವಿಡಿಯೋ, ಅದೇ ಸಿಮ್ಯುಲೇಶನ್ ತೋರಿಸಿದೆ. ತಪ್ಪಿಹೋದ ಪಾಠ ಅವರಿಗಾಗಿ ಕಾದು ನಿಂತಿತ್ತು ಎಂಬುದು ಸಣ್ಣ ಮಾತಲ್ಲ. ಪರದೆಯ ಬಗ್ಗೆ ನನ್ನ ಮನಸ್ಸು ಮೆತ್ತಗಾದದ್ದು ಆ ಶನಿವಾರಗಳಲ್ಲೇ. ಬೇಕಾದಲ್ಲಿ ಹಿಂದಕ್ಕೆ ಹೋಗಿ ಮತ್ತೆ ನೋಡುವ ಅಧಿಕಾರ ಅವರದೇ ಆಗಿತ್ತು, ಅದನ್ನು ನಾಚಿಕೆಯಿಲ್ಲದೆ ಬಳಸಿಕೊಂಡರು. ಆದರೂ ಲೆಕ್ಕಗಳಿಗೆ ಬಂದಾಗ ಸಮಾಂತರ ಜೋಡಣೆಯ ಒಟ್ಟು ರೋಧಕ್ಕಾಗಿ ಪ್ರತಿ ರೋಧದ 1/R ಅನ್ನು ಕೂಡಿ, ಬಂದ ಭಿನ್ನರಾಶಿಯನ್ನು ಕೊನೆಯಲ್ಲಿ ತಲೆಕೆಳಗು ಮಾಡುವುದನ್ನು ಬಹುತೇಕ ಎಲ್ಲರೂ ಮರೆಯುತ್ತಿದ್ದರು. ಅದನ್ನು ತಿದ್ದಲು ಪಕ್ಕದಲ್ಲಿ ಕೂತು ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕಾಯಿತು.

ಸಹೋದ್ಯೋಗಿಯ ಬಂಡೆ

ನನ್ನ ಅನುಭವದ ಪಕ್ಕದಲ್ಲಿ ಸಮಾಜ ವಿಜ್ಞಾನದ ಸಹೋದ್ಯೋಗಿಯದನ್ನೂ ಇಡುವುದು ನ್ಯಾಯ, ಏಕೆಂದರೆ ಅವರು ಪರದೆಯನ್ನು ನನಗಿಂತ ಜಾಣತನದಿಂದ ಬಳಸಿದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಗುರುತಿಸಿದ ಶಾಸನ, ಶಾಸನಗಳಲ್ಲಿ ‘ದೇವಾನಾಂಪಿಯ’ (ದೇವರಿಗೆ ಪ್ರಿಯನಾದವನು) ಎಂಬ ಬಿರುದಿನ ರಾಜ ಅಶೋಕನೇ ಎಂಬುದನ್ನು ಹೆಸರು ಹಿಡಿದು ತೋರಿಸಿದ್ದೆಂದು ಮಕ್ಕಳಿಗೆ ಪುಸ್ತಕದಿಂದ ಗೊತ್ತಿತ್ತು. ಬಂಡೆಯನ್ನು ನೋಡಿದವರು ಕೆಲವರೇ, ನೋಡಿದವರಿಗೂ ಅಲ್ಲಿ ಅಕ್ಷರವೆಂಬುದು ಕಂಡಿರಲಿಲ್ಲ. ಸಹೋದ್ಯೋಗಿ ಮೊದಲು ಅಚ್ಚಿನ ಪ್ರತಿಯ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಶಾಸನದ ಬ್ರಾಹ್ಮಿ ಲಿಪಿಯ ‘ಅ’, ‘ಸೋ’, ‘ಕ’ ಅಕ್ಷರಗಳನ್ನು ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಬರೆಸಿ, ಮುಂದಿನ ವಾರ ಬಂಡೆಯ ಬಳಿಗೆ ಕರೆದೊಯ್ದರು. ಸವೆದ ಕಲ್ಲಿನ ಮೇಲೆ ಆ ಮೂರು ಅಕ್ಷರಗಳನ್ನು ಹುಡುಕುತ್ತ ಮಕ್ಕಳು ಅರ್ಧ ಗಂಟೆ ನಿಂತರಂತೆ.

ಹೊರಗಿನ ಸಾಕ್ಷ್ಯಗಳೂ ನಾವು ಕಂಡದ್ದಕ್ಕೆ ದೂರವಿಲ್ಲ. ಪೆರು ದೇಶದಲ್ಲಿ ಸರ್ಕಾರ ಮಕ್ಕಳಿಗೆ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಅದರಿಂದ ಸುಧಾರಣೆ ಕಾಣಲಿಲ್ಲವೆಂದು ಅಲ್ಲಿ ನಡೆದ ಅಧ್ಯಯನ ಹೇಳಿತು. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ನಡೆಯುತ್ತಿದ್ದ ಕೇಂದ್ರಗಳಲ್ಲಿ, ಪ್ರತಿ ಮಗುವಿನ ನಿಜವಾದ ಮಟ್ಟಕ್ಕೆ ತಕ್ಕ ಪ್ರಶ್ನೆಯನ್ನೇ ಮುಂದಿಡುವ ತಂತ್ರಾಂಶವನ್ನು ಬಳಸಿದ ಮಕ್ಕಳು ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಚೆನ್ನಾಗಿ ಮುಂದುವರಿದರೆಂದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಅಲ್ಲಿನ ಯಂತ್ರ ಮಗು ಎಡವಿದಲ್ಲಿ ನಿಲ್ಲುತ್ತಿತ್ತು. ಹಿಂದಿನ ಬೆಂಚಿನ ಹುಡುಗಿ ನನ್ನ ವಿಡಿಯೋದ ಮೇಲೆ ಹೊರಿಸಿದ ದೂರು ಅದೇ ಅಲ್ಲವೇ?

ಮಾರ್ಚ್ ಮತ್ತು ಆಮೇಲೆ

ಮಾರ್ಚ್ ಕೊನೆಯಲ್ಲಿ ಇದೇ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದರು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮಾಡಿದ್ದು ಆ ವರ್ಷವೇ. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ನಕಲು ತಡೆಯುವ ಕೆಲಸವನ್ನು ಕ್ಯಾಮೆರಾ ಮಾಡಿತು, ನಾನು ಅದರ ವಿರೋಧಿಯಲ್ಲ. ಆದರೆ ಶಿಕ್ಷಣದಲ್ಲಿ ತಂತ್ರಜ್ಞಾನದ ಯಶಸ್ಸೆಂದು ಆ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲಿದ್ದದ್ದು ಅದೊಂದೇ. ಮೂರನೇ ಬಲ್ಬಿನಂಥ ಪ್ರಶ್ನೆ ಎಷ್ಟು ಕೊಠಡಿಗಳಲ್ಲಿ ಹುಟ್ಟಿತು ಎಂದು ಎಣಿಸುವ ಯಂತ್ರ ಎಲ್ಲೂ ಇಲ್ಲದಿರುವುದರಿಂದ, ಅದರ ಮಾತು ಯಾರೂ ಎತ್ತಲಿಲ್ಲ.

ಮೇ ತಿಂಗಳಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಾನು ಕೇಳಿದ್ದು ಎರಡೇ: ಪರದೆಯನ್ನು ಕರಿಹಲಗೆಯ ಮೇಲಿಂದ ತೆಗೆದು ಎಡಗೋಡೆಗೆ ಹಾಕಿಸುವುದು, ಮತ್ತು ಎರಡು ಡಜನ್ ಟಾರ್ಚ್ ಬಲ್ಬು. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಊರಿನ ಗೌಂಡಿಯೊಬ್ಬರು ಹಳೆಯ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿ, ಎಡಗೋಡೆಯಲ್ಲಿ ಹೊಸದಾಗಿ ಕೊರೆದು ಕೊಳವೆ ಬಿಗಿದರು. ಪ್ರೊಜೆಕ್ಟರಿನ ಕೇಬಲ್ಲು ಮೂರು ಅಡಿ ಕಡಿಮೆ ಬಿದ್ದಾಗ, ವಾಯರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿದ ಹುಡುಗಿಯ ತಂದೆಯೇ ಬಂದು ಜೋಡಣೆ ಮಾಡಿಕೊಟ್ಟರು. ಈಗ ಪರದೆಯೂ ಹಲಗೆಯೂ ಒಟ್ಟಿಗೆ ಕಾಣುತ್ತವೆ, ಪೂರ್ವದ ಎರಡು ಕಿಟಕಿಗಳನ್ನು ತೆರೆದಿಟ್ಟರೂ ಚಿತ್ರ ತಕ್ಕಮಟ್ಟಿಗೆ ತಿಳಿಯುತ್ತದೆ. ಬಲಬದಿಯ ಕೊನೆಯ ಬೆಂಚಿನವರಿಗೆ ಮಾತ್ರ ಮೂಲೆಯಿಂದ ಏನೂ ಕಾಣುವುದಿಲ್ಲ. ಪರದೆ ಇಳಿಸಿದಾಗ ಅವರು ನೋಟ್‌ಬುಕ್ ಹಿಡಿದು ಎದ್ದು ಬಂದು ಮುಂದೆ ನೆಲದ ಮೇಲೆ, ನನ್ನ ಕಾಲ ಬಳಿ ಕೂರುತ್ತಾರೆ.